ಭುಜದ ಮೇಲೊಂದು ತಲೆ

ಲಿಸಿಯಾಟೆಯ ಸಿನಿಮಾದಲ್ಲಿ ಒಬ್ಬಳು ಹುಡುಗಿ ಒಬ್ಬ ಹುಡುಗನ ಭುಜದ ಮೇಲೆ ತಲೆ ಇಡುತ್ತಾಳೆ. ಆಮೇಲೆ ತೆಗೆಯುತ್ತಾಳೆ. ಅಷ್ಟೇ. ಮುತ್ತಿಲ್ಲ, ಅಪ್ಪುಗೆಯಿಲ್ಲ, ಮರ ಸುತ್ತುವ ಹಾಡೂ ಇಲ್ಲ. ಬೇರೆ ಕಡೆಯಾಗಿದ್ದರೆ ಜನ ಆ ಹೊತ್ತಿನಲ್ಲಿ ಒಂದು ಆಕಳಿಕೆ ತೆಗೆದು ಮುಗಿಸುತ್ತಿದ್ದರು. ಆದರೆ ಇದು ಟೊಂಗಾ ದೇಶ, ಹಾಅಪೈ ದ್ವೀಪಸಮೂಹ, ಲೋಟೋಮೋನಾ ಎಂಬ ಊರು. ಇಲ್ಲಿ ಅಕ್ಕ ತಮ್ಮ, ಅಣ್ಣ ತಂಗಿ ಒಂದೇ ಸೂರಿನಡಿ ಕೂತು ಅಂಥದ್ದನ್ನು ನೋಡುವ ಹಾಗಿಲ್ಲ. ಮನೆಯ ಟಿವಿಯಲ್ಲಿ ಗಂಡು ಹೆಣ್ಣು ಕೊಂಚ ಹತ್ತಿರ ಬಂದರೆ ಸಾಕು, ಅಕ್ಕನಿಗೆ ಒಣಹಾಕಿದ ಬಟ್ಟೆ ನೆನಪಾಗುತ್ತದೆ, ತಮ್ಮನಿಗೆ ಹಂದಿಗೆ ಮೇವು ಹಾಕುವುದು ನೆನಪಾಗುತ್ತದೆ. ನಮ್ಮೂರಿನ ಹಂದಿಗಳು ಅಷ್ಟು ದುಂಡಗಿರುವುದಕ್ಕೆ ಇದೂ ಒಂದು ಕಾರಣ.

ಸಾಲದ್ದಕ್ಕೆ, ಇಲ್ಲಿ ಒಡಹುಟ್ಟಿದವರೆಂದರೆ ಒಂದೇ ತಾಯಿಯ ಮಕ್ಕಳಷ್ಟೇ ಅಲ್ಲ. ದೊಡ್ಡಪ್ಪನ ಮಕ್ಕಳು, ಅತ್ತೆಯ ಮಕ್ಕಳು, ಮಾವನ ಮಕ್ಕಳು, ಅಜ್ಜನ ತಮ್ಮನ ಮೊಮ್ಮಕ್ಕಳು ಎಲ್ಲರೂ ಅದೇ ಸಾಲಿಗೆ ಸೇರುತ್ತಾರೆ. ಊರಿನಲ್ಲಿ ಕಣ್ಣುಮುಚ್ಚಿ ಒಂದು ಕಲ್ಲೆಸೆದರೆ ಅದು ನಿಮ್ಮ ಅಣ್ಣನಿಗೋ ತಂಗಿಗೋ ಬೀಳುತ್ತದೆ.

ಇದೆಲ್ಲ ಗೊತ್ತಿದ್ದೂ ಲಿಸಿಯಾಟೆ ತನ್ನ ಮೊದಲ ಸಿನಿಮಾವನ್ನು ಶನಿವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಇಡೀ ಊರಿಗೆ ಒಟ್ಟಿಗೆ ತೋರಿಸುತ್ತೇನೆಂದು ಸಾರಿಬಿಟ್ಟ. ಅವನ ತಪ್ಪೆಂದು ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಕ್ಯಾಮರಾದೊಳಗೆ ಕಣ್ಣಿಟ್ಟವನಿಗೆ ಎದುರಿಗಿರುವವರು ಕಾಣುತ್ತಾರೆಯೇ ಹೊರತು ಪಕ್ಕದಲ್ಲಿ ಯಾರು ಯಾರು ಕೂರುತ್ತಾರೆ ಎಂಬುದು ಹೊಳೆಯುವುದಿಲ್ಲ.

ಹಡಗುಕಟ್ಟೆಯ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಅವನು ಆ ಸಿನಿಮಾ ಮಾಡಿದ ರೀತಿಯನ್ನು ನೆನೆದರೆ ನನಗೆ ಈಗಲೂ ಕೈಮುಗಿಯಬೇಕೆನಿಸುತ್ತದೆ. ಮೀನಿನ ಗಾಳದ ಕೋಲಿನ ತುದಿಗೆ ಮೈಕು ಕಟ್ಟಿದ. ಗೋದಾಮಿನ ಕೈಗಾಡಿಯ ಮೇಲೆ ಕ್ಯಾಮರಾ ಕೂರಿಸಿ ತಾನೇ ತಳ್ಳಿದ. ದೋಣಿ ಕಟ್ಟುವ ಹುಡುಗ, ಚಾಪೆ ನೇಯುವ ಹುಡುಗಿಯ ಕತೆ. ಹುಡುಗನ ಪಾತ್ರಕ್ಕೆ ಫೊಲಾವು, ಹುಡುಗಿಗೆ ಮೆಲೆನೈಟೆ. ಶುರುವಾದ ಮೇಲೆ ಗೊತ್ತಾಯಿತು, ಇಬ್ಬರ ಅಜ್ಜಿಯರೂ ಅಕ್ಕತಂಗಿಯರು. ಪ್ರೇಮಿಗಳಾಗುವುದಿರಲಿ, ಒಬ್ಬರು ಬಂದಾಗ ಇನ್ನೊಬ್ಬರು ಎದ್ದು ಹೋಗುವವರು. ಬೇರೆ ಯಾರಾದರೂ ಆಗಿದ್ದರೆ ಕ್ಯಾಮರಾ ಸಮುದ್ರಕ್ಕೆ ಎಸೆಯುತ್ತಿದ್ದರು. ಲಿಸಿಯಾಟೆ ಸೋಮವಾರ ಫೊಲಾವು ಒಬ್ಬನನ್ನೇ ನಗಿಸಿ ಚಿತ್ರ ತೆಗೆದ, ಮಂಗಳವಾರ ಮೆಲೆನೈಟೆ ಒಬ್ಬಳನ್ನೇ ನಾಚಿಸಿ ಚಿತ್ರ ತೆಗೆದ, ಎರಡನ್ನೂ ಜೋಡಿಸಿದ. ನೋಡಿದವರು ಆ ಹುಡುಗ ಆ ಹುಡುಗಿಗಾಗಿಯೇ ನಗುತ್ತಿದ್ದಾನೆ ಎಂದು ಆಣೆಯಿಟ್ಟು ಹೇಳಬೇಕು, ಹಾಗೆ. ಊರಿನ ಹೆಂಗಸರು ತಾವಾಗಿಯೇ ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನ ಹಾಲು ಕಟ್ಟಿ ಬೇಯಿಸಿ ಎಲ್ಲರಿಗೂ ಊಟ ತಂದರು. ಮುದುಕರು ಹಳೆಯ ದೋಣಿ ಕೊಟ್ಟರು. ಒಬ್ಬಾತ ತನ್ನ ಹಂದಿಯನ್ನು ನಟನೆಗೆ ಕೊಟ್ಟು, ಅದರ ಮುಖ ಸರಿಯಾಗಿ ಬರಬೇಕೆಂದು ಷರತ್ತು ಹಾಕಿದ.

ಲಿಸಿಯಾಟೆಗಿದ್ದ ಆಸೆ ಒಂದೇ. ತಿಂಗಳಿಗೊಮ್ಮೆ ಊರಿನವರೆಲ್ಲ ಕೂಡಿ ಸಿನಿಮಾ ನೋಡುವ ಒಂದು ಸಂಘವಾಗಬೇಕು, ಮತ್ತು ತಾನು ಅದರ ಕೊನೆಯ ಸಾಲಿನಲ್ಲಿ ಕೂತು ಸಿನಿಮಾ ನೋಡುವವರ ಮುಖ ನೋಡಬೇಕು. ಆ ಮುಖಗಳಿಗಾಗಿಯೇ ಅವನು ಅಷ್ಟು ವರ್ಷ ಕೈಗಾಡಿ ತಳ್ಳಿದ್ದು.

ಶನಿವಾರ ಬೆಳಿಗ್ಗೆ ಅವನು ಮುಖ ತೊಳೆಯುವಷ್ಟರಲ್ಲಿ ಫಿಫಿತಾ ಅತ್ತೆ ಬಂದರು. ಅವನ ಅಪ್ಪನ ಅಕ್ಕ. ನಮ್ಮಲ್ಲಿ ರಾಜನ ಮಾತಿಗೆ ಎದುರಾಡಿದವರೂ ಸಿಗಬಹುದು, ಸೋದರತ್ತೆಯ ಮಾತಿಗೆ ಎದುರಾಡಿದವರನ್ನು ನಾನಂತೂ ಕಂಡಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತರು, ಲಿಸಿಯಾಟೆ ಕೆಳಗೆ ಚಾಪೆಯ ಮೇಲೆ ಕೂತ.

"ನಿನ್ನ ಸಿನಿಮಾದಲ್ಲಿ ತಲೆ ಇಡೋದು ಇದೆಯಂತೆ," ಎಂದರು ಅತ್ತೆ.

"ಇದೆ ಅತ್ತೆ. ಸ್ವಲ್ಪ ಹೊತ್ತು."

"ಎಷ್ಟು ಸ್ವಲ್ಪ?"

"ಒಂದು ಉಸಿರು ಹಿಡಿದು ಬಿಡೋವಷ್ಟು."

"ಯಾರ ಉಸಿರು? ನಿಂದೋ, ಮುಳುಗಿ ಮೀನು ಹಿಡೀತಿದ್ದ ನಿಮ್ಮಪ್ಪಂದೋ?"

ಲಿಸಿಯಾಟೆಯ ಅಪ್ಪ ಒಮ್ಮೆ ಮುಳುಗಿದರೆ ದಡದಲ್ಲಿದ್ದವರು ಪ್ರಾರ್ಥನೆ ಶುರುಮಾಡುತ್ತಿದ್ದರು.

"ಅದನ್ನ ಕತ್ತರಿಸಿ ಹಾಕು."

"ಅದನ್ನ ತೆಗೆದ್ರೆ ಉಳಿಯೋದು ದೋಣಿ, ಚಾಪೆ ಅಷ್ಟೇ ಅತ್ತೆ."

"ದೋಣಿ ಚಾಪೆಗೆ ಏನಾಗಿದೆ? ಹುಟ್ಟಿದಾಗಿಂದ ನಾವೆಲ್ಲ ಅದನ್ನೇ ನೋಡ್ತಾ ಇಲ್ವಾ?"

"ಅದಕ್ಕೇ ಅತ್ತೆ. ಅದನ್ನ ನೋಡೋಕೆ ಸಿನಿಮಾ ಯಾಕೆ, ಕಿಟಕಿ ಸಾಕಲ್ಲ."

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಮೂವತ್ತು ದಾಟಿದ ತನ್ನ ಬದುಕಿನಲ್ಲಿ ಅತ್ತೆಗೆ ಅವನು ಕೊಟ್ಟ ಮೊದಲ ಮರುಮಾತು ಅದು. ಅತ್ತೆಯೂ ಬೆಚ್ಚಿರಬೇಕು. ಕೋಲು ಊರಿಕೊಂಡು ಎದ್ದರು.

"ಮದುವೆಯಾಗೋಕೆ ಧೈರ್ಯ ಇಲ್ಲ, ಸಿನಿಮಾದಲ್ಲಿ ಪ್ರೀತಿ ತೋರಿಸ್ತಾನಂತೆ. ನಡಿ, ಪಾದ್ರಿಗಳ ಹತ್ರ."

ಪಾದ್ರಿ ಮೋಲಿಟೋನಿ ಸಭಾಂಗಣದ ಬಾಗಿಲಲ್ಲಿ ನಿಂತು ಬೆಂಚುಗಳನ್ನು ಒರೆಸುತ್ತಿದ್ದರು. ಒಳ್ಳೆಯ ಮನುಷ್ಯ. ಯಾರನ್ನೂ ನೋಯಿಸಬಾರದೆಂದು ಎಲ್ಲರ ಮಾತಿಗೂ ಹೌದೆನ್ನುವವರು, ಹಾಗಾಗಿ ಸಂಜೆಯ ಹೊತ್ತಿಗೆ ಅವರಿಗೆ ತಲೆನೋವು ಬರುತ್ತಿತ್ತು. ಅಂದು ಬೆಳಿಗ್ಗೆಯೇ ಬಂತು.

"ಅತ್ತೆ ಹೇಳೋದು ಸರಿ," ಎಂದರು ಪಾದ್ರಿ. "ಲಿಸಿಯಾಟೆ, ನೀನು ಹೇಳೋದೂ ಸರಿ. ಇವತ್ತು ಸುಸೂತ್ರವಾಗಿ ನಡೆದ್ರೆ ಪ್ರತಿ ತಿಂಗಳು ಮೊದಲನೇ ಶನಿವಾರ ಈ ಹಾಲ್ ನಿನ್ನ ಸಂಘಕ್ಕೆ ಅಂತ ನಾನು ಆಗ್ಲೇ ಹಿರಿಯರಿಗೆ ಹೇಳಿದೀನಿ. ಆದ್ರೆ ಒಬ್ಬಳು ತಂಗಿ ಮುಖ ಮುಚ್ಕೊಂಡು ಎದ್ದು ಹೋದ್ರೂ ಮುಗೀತು ನೋಡು. ಆಮೇಲೆ ನಾನು ಏನೂ ಮಾಡೋ ಹಾಗಿಲ್ಲ."

"ಗಂಡಸರಿಗೊಂದು ಸಲ, ಹೆಂಗಸರಿಗೊಂದು ಸಲ ತೋರಿಸಿದ್ರೆ?"

"ಸಂಜೆ ಹಾಡಿನವರ ಅಭ್ಯಾಸ ಇದೆಯಲ್ಲಪ್ಪ. ಎರಡು ಸಲಕ್ಕೆ ಹೊತ್ತೆಲ್ಲಿ?"

ಆಗ ಬಾಯಿ ಹಾಕಿದವನು ಕೆಪು. ಗಾಳದ ಕೋಲಿನ ಮೈಕು ಹಿಡಿದವನು ಇವನೇ, ಲಿಸಿಯಾಟೆಯ ಜೀವದ ಗೆಳೆಯ. ಇವನ ತಲೆಗೆ ಹೊಳೆಯುವ ಉಪಾಯಗಳು ಅರ್ಧ ಒಳ್ಳೆಯವು, ಯಾವ ಅರ್ಧ ಎಂಬುದು ಕೊನೆಗೇ ತಿಳಿಯುವುದು.

"ಪರದೆ ಗೋಡೆಗೆ ಯಾಕೆ ಕಟ್ಬೇಕು?" ಎಂದ ಕೆಪು. "ಹಾಲ್ ನಡುವೆ ಕಟ್ಟೋಣ. ತೆಳ್ಳಗಿರೋ ಬಿಳೀ ಬಟ್ಟೆ ಆದ್ರೆ ಆ ಕಡೆಯಿಂದಲೂ ಕಾಣತ್ತೆ. ಈ ಕಡೆ ಅಣ್ಣತಮ್ಮಂದಿರು, ಆ ಕಡೆ ಅಕ್ಕತಂಗಿಯರು. ಒಬ್ರಿಗೊಬ್ರು ಕಾಣಲ್ಲ. ಒಂದೇ ಸಿನಿಮಾ, ಒಂದೇ ಹೊತ್ತು, ಪಾಪ ಇಲ್ಲ."

ಪಾದ್ರಿಗಳ ತಲೆನೋವು ಇಳಿಯಿತು. ಅಷ್ಟು ಅಗಲದ ಬಿಳಿ ಬಟ್ಟೆ ಊರಿನಲ್ಲಿದ್ದದ್ದು ಒಂದೇ, ಆಕ್ಲೆಂಡಿನಲ್ಲಿರುವ ಮಗಳು ಅತ್ತೆಗೆ ಕಳಿಸಿದ್ದ ಮಂಚದ ಹೊದಿಕೆ. ಎಲ್ಲರೂ ಅತ್ತೆಯ ಮುಖ ನೋಡಿದರು.

"ಕೊಡ್ತೀನಿ," ಎಂದರು ಅತ್ತೆ. "ಆದ್ರೆ ಬೆಳಕು ಬೀಳೋ ಕಡೆ ಯಾರು ಕೂರ್ತಾರೆ?"

"ಗಂಡಸರು," ಎಂದ ಲಿಸಿಯಾಟೆ. "ಸಿನಿಮಾ ತೋರಿಸೋ ಮಿಷನ್ ಹತ್ರ ನಾನಿರ್ಬೇಕಲ್ಲ."

"ಅಂದ್ರೆ ಹೆಂಗಸರು ಹಿಂದುಗಡೆಯಿಂದ, ತಿರುವುಮುರುವಾಗಿ ನೋಡ್ಬೇಕು?"

ನಮ್ಮಲ್ಲಿ ತಮ್ಮ ದೊಡ್ಡ ಅಧಿಕಾರಿಯೇ ಆಗಿರಲಿ, ಮನೆಯೊಳಗೆ ಅಕ್ಕನ ಮುಂದೆ ಅವನು ಒಂದು ಮೆಟ್ಟಿಲು ಕೆಳಗೆ. ಮದುವೆಯಲ್ಲಿ ಒಳ್ಳೆಯ ಚಾಪೆ ಅಕ್ಕನಿಗೆ, ಹಂದಿಯ ಒಳ್ಳೆಯ ತುಂಡು ಅಕ್ಕನಿಗೆ. ಪರದೆಯ ಒಳ್ಳೆಯ ಮಗ್ಗುಲು ಮಾತ್ರ ತಮ್ಮನಿಗೆ ಹೇಗೆ ಬಂದೀತು? ಹೆಂಗಸರಿಗೆ ಬೆಳಕಿನ ಕಡೆ, ಗಂಡಸರಿಗೆ ಹಿಂದಿನ ಕಡೆ ಎಂದಾಯಿತು.

"ಹಾಗಾದ್ರೆ ಮಿಷನ್ ಹೆಂಗಸರ ಕಡೆ ಆಯ್ತು," ಎಂದರು ಪಾದ್ರಿ ಮೆಲ್ಲಗೆ. "ಅಲ್ಲಿ ಗಂಡಸು ಕೂರೋ ಹಾಗಿಲ್ವಲ್ಲ."

"ಲೂಪೆ ಇದಾಳೆ," ಎಂದರು ಅತ್ತೆ.

ಲೂಪೆ ಲಿಸಿಯಾಟೆಯ ಒಡಹುಟ್ಟಿದ ಅಕ್ಕ, ಊರಿನ ಚಿಕಿತ್ಸಾಲಯದ ನರ್ಸು. ಇಂಜೆಕ್ಷನ್ನಿಗೆ ಹೆದರಿ ಮಾವಿನ ಮರ ಹತ್ತಿದ ಕುಸ್ತಿಪಟುವನ್ನು ಮಾತಿನಲ್ಲೇ ಕೆಳಗಿಳಿಸಿದವಳು. ಯಂತ್ರವೆಂದರೆ ಅವಳಿಗೆ ಭಯವಿಲ್ಲ. ಹೀಗೆ ಬೆಳಗಿನ ಊಟಕ್ಕೆ ಮೊದಲೇ ಲಿಸಿಯಾಟೆ ತನ್ನ ಯಂತ್ರ ಕಳೆದುಕೊಂಡ, ಜಾಗ ಕಳೆದುಕೊಂಡ, ಪರದೆಯ ಸರಿಯಾದ ಮಗ್ಗುಲು ಕಳೆದುಕೊಂಡ. ಆದರೂ ಸಿನಿಮಾ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಊಟದ ಹೊತ್ತಿಗೆ ಅಕ್ಕನಿಗೆ ಯಂತ್ರ ಕಲಿಸಲು ಕೂತ. ಪ್ರೊಜೆಕ್ಟರಿಗೆ ಜೋಡಿಸಿದ್ದ ಹಳೆಯ ಕಂಪ್ಯೂಟರಿಗೊಂದು ರೋಗವಿತ್ತು. ಉಳಿದೆಲ್ಲ ಕಡೆ ಚೆನ್ನಾಗಿ ಓಡಿ, ಸರಿಯಾಗಿ ಆ ತಲೆಯಿಡುವ ಜಾಗದಲ್ಲಿ ನಿಂತುಬಿಡುತ್ತಿತ್ತು. ಅಲ್ಲಿ ಅವನು ಮಳೆ, ಅಲೆ, ಉಸಿರು, ಸೂರಿನ ಹನಿ ಎಂದು ಶಬ್ದದ ಮೇಲೆ ಶಬ್ದ ತುಂಬಿದ್ದ, ಪಾಪ ಯಂತ್ರಕ್ಕೆ ಹೊರಲಾಗುತ್ತಿರಲಿಲ್ಲ. ಉದ್ದನೆಯ ಗುಂಡಿಯನ್ನು ಎರಡು ಸಲ ಒತ್ತಿದರೆ ಮತ್ತೆ ಓಡುತ್ತಿತ್ತು. ಇಷ್ಟನ್ನು ಅಕ್ಕನಿಗೆ ಹೇಳಬೇಕು. ಆದರೆ ತಲೆಯಿಡುವ ಮಾತನ್ನು ಅಕ್ಕನ ಮುಂದೆ ಎತ್ತುವ ತಮ್ಮ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

"ಅಕ್ಕ, ಇದು ಶುರು ಮಾಡೋ ಗುಂಡಿ. ಇದು ಶಬ್ದಕ್ಕೆ."

"ಹ್ಞೂಂ."

"ನಡುವೆ ಒಂದು ಕಡೆ ನಿಂತುಹೋಗತ್ತೆ. ವಯಸ್ಸಾಗಿದೆ ಇದಕ್ಕೆ."

"ಯಾವ ಕಡೆ?"

ಲಿಸಿಯಾಟೆ ಸೂರು ನೋಡಿದ. "ದೋಣಿ ನೀರಿಗಿಳಿದ ಮೇಲೆ."

"ದೋಣಿ ಇಳಿದ ಮೇಲೆ ಏನಾಗತ್ತೆ?"

"ಮಳೆ ಬರತ್ತೆ."

"ಮಳೆ ಬಂದಾಗ ನಿಲ್ಲತ್ತೆ ಅಂತಿಯಾ?"

"ಬಂದಾಗಲ್ಲ. ಮಳೆ ಬಂತು ಅಂತ ಅವರು ಗುಡಿಸಲೊಳಗೆ ಬರ್ತಾರಲ್ಲ, ಅವಾಗ."

"ಯಾರು ಬರ್ತಾರೆ?"

"ಜನ."

"ಯಾವ ಜನ?"

"ಅದೇ ಅಕ್ಕ, ಸಿನಿಮಾದ ಜನ."

ಲೂಪೆಗೆ ಅರ್ಥವಾಯಿತು. ಅವಳೂ ಸೂರು ನೋಡಿದಳು. ಸ್ವಲ್ಪ ಹೊತ್ತು ಅಕ್ಕ ತಮ್ಮ ಇಬ್ಬರೂ ಸಭಾಂಗಣದ ತೊಲೆಗಳನ್ನು ಪರೀಕ್ಷೆ ಮಾಡುವ ಬಡಗಿಗಳ ಹಾಗೆ ಕೂತಿದ್ದರು.

"ಗೊತ್ತಾಯ್ತು ಬಿಡು," ಎಂದು ಅವಳು ಎದ್ದೇಬಿಟ್ಟಳು. ಏನು ಗೊತ್ತಾಯಿತೋ ಆ ದೇವರಿಗೇ ಗೊತ್ತು. ಉದ್ದನೆಯ ಗುಂಡಿಯ ಮಾತು ಲಿಸಿಯಾಟೆಯ ಗಂಟಲಲ್ಲೇ ಉಳಿಯಿತು.

ಮಧ್ಯಾಹ್ನ ಊರಿಗೆ ಊರೇ ಬಂತು. ಭಾನುವಾರದ ಆರಾಧನೆಗೆ ಬರುವಂತೆ ಗೌರವದ ಉಡುಗೆಯಾದ ತೆಳುಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದರು. ಕಿಟಕಿಗಳಿಗೆ ಚಾಪೆ, ಮರದ ತೊಗಟೆ ಬಡಿದು ಮಾಡಿದ ಬಟ್ಟೆ ಕಟ್ಟಿ ಕತ್ತಲು ಮಾಡಿದ್ದರು. ಒಳಗಿನ ಸೆಕೆಗೆ ಎಲ್ಲರೂ ಹಬೆಯಲ್ಲಿ ಬೆಂದ ಗೆಣಸಿನಂತಾದರು, ಆದರೂ ಒಬ್ಬರೂ ಕದಲಲಿಲ್ಲ. ನಡುವೆ ಅತ್ತೆಯ ಹೊದಿಕೆ. ಹಿಂದಿನ ಮಗ್ಗುಲಲ್ಲಿ ಗಂಡಸರ ನಡುವೆ ಲಿಸಿಯಾಟೆ ಕೂತ. ಅವನ ಪಕ್ಕ ಕೆಪು, ಆಚೆ ಪಾದ್ರಿ.

ಹೆಸರುಗಳು ತಿರುವುಮುರುವಾಗಿ ಬಂದವು. ಬಲಗೈಯಲ್ಲಿ ಕೊಡಲಿ ಹಿಡಿದಿದ್ದ ಫೊಲಾವು ಎಡಚನಾದ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಮ್ಮ ಕಡಲು, ತಮ್ಮ ದೋಣಿ, ತಮ್ಮ ಹಂದಿ ಅಷ್ಟು ದೊಡ್ಡದಾಗಿ ಕಂಡದ್ದೇ ಸಾಕಾಯಿತು. ಹಂದಿ ಬಂದಾಗ ಅದರ ಯಜಮಾನ ಎದ್ದು ನಿಂತು ಸುತ್ತಲೂ ನೋಡಿದ. ಹೋದ ವರ್ಷ ತೀರಿಕೊಂಡ ದೋಣಿಕಾರ ಮುದುಕ ಪರದೆಯ ಮೇಲೆ ಹಲ್ಲಿಲ್ಲದ ಬಾಯಿಯಲ್ಲಿ ನಕ್ಕಾಗ, ಆಚೆ ಕಡೆಯಿಂದ ಅವನ ಹೆಂಡತಿಯ ಬಿಕ್ಕು ಕೇಳಿಸಿತು. ಈಚೆ ಕಡೆ ಅವನ ಮಕ್ಕಳು ಕಣ್ಣೊರೆಸಿಕೊಂಡರು. ಪಟ್ಟಣದಿಂದ ಬಂದ ಎಷ್ಟೋ ಸಿನಿಮಾಗಳನ್ನು ನೋಡಿದ್ದೇನೆ, ಇಂಥದ್ದನ್ನು ಯಾವುದೂ ಮಾಡಿರಲಿಲ್ಲ. ಲಿಸಿಯಾಟೆಗೆ ಆಚೆಯ ಮುಖಗಳನ್ನು ನೋಡಬೇಕೆಂದು ಜೀವ ಹಾತೊರೆಯಿತು. ಕಂಡದ್ದು ಹೊದಿಕೆಯ ಹೊಲಿಗೆ ಮಾತ್ರ.

ದೋಣಿ ನೀರಿಗಿಳಿಯಿತು. ಮಳೆ ಬಂತು. ಹುಡುಗಿ ಗುಡಿಸಲೊಳಗೆ ಬಂದಳು, ಹುಡುಗನ ಭುಜದ ಮೇಲೆ ಮೆಲ್ಲಗೆ ತಲೆ ಇಟ್ಟಳು. ಯಂತ್ರ ನಿಂತಿತು.

ಒಂದು ಉಸಿರಿನಷ್ಟು ಎಂದದ್ದು ಹತ್ತು ಉಸಿರಾಯಿತು, ಇಪ್ಪತ್ತಾಯಿತು. ತಲೆ ಭುಜ ಬಿಟ್ಟು ಏಳಲಿಲ್ಲ. ಗಂಡಸರೆಲ್ಲ ನೆಲದಲ್ಲಿ ಏನೋ ಕಳೆದುಕೊಂಡವರಂತೆ ತಲೆ ತಗ್ಗಿಸಿದರು. ಆಚೆ ಕಡೆಯಿಂದ ಬೀಸಣಿಗೆಯ ಸದ್ದೂ ನಿಂತಿತು. ತೆಳ್ಳನೆಯ ಬಟ್ಟೆಯ ಎರಡೂ ಬದಿಗೆ ಇಡೀ ಊರಿನ ಅಣ್ಣಂದಿರೂ ತಂಗಿಯರೂ ಉಸಿರು ಬಿಗಿಹಿಡಿದು ಕೂತರು.

"ಹೇಳೋ, ಯಾವ ಗುಂಡಿ ಅಂತ ಕೂಗಿ ಹೇಳು," ಎಂದು ಕೆಪು ಪಿಸುಗುಟ್ಟಿದ.

"ಅಕ್ಕ ಇದಾಳೆ ಕಣೋ. ಇದರ ಎದುರಿಗೆ ಅವಳ ಹೆಸರು ಹಿಡಿದು ಹೆಂಗೆ ಕೂಗ್ಲಿ?"

"ಹಾಗಾದ್ರೆ ನಾನು..." ಎಂದು ಕೆಪು ಎದ್ದ. ಅವನಿಗೂ ಆಚೆ ಕಡೆ ಒಂದು ಬೆಂಚು ತುಂಬ ತಂಗಿಯರಿದ್ದದ್ದು ನೆನಪಾಗಿ ಕೂತುಬಿಟ್ಟ.

ಯಾರೋ ಆಚೆ ಬೆಂಚಿನಿಂದ ಏಳುವ ಸದ್ದು ಕೇಳಿಸಿತು. ಒಬ್ಬಳು ಎದ್ದು ಹೋದರೂ ಮುಗಿಯಿತು. ಲಿಸಿಯಾಟೆ ಕಣ್ಣು ಮುಚ್ಚಿದ. ಆಗ ಪಾದ್ರಿ ಮೋಲಿಟೋನಿ, ಬೇರೆ ದಾರಿ ಕಾಣದೆ, ಕುಳಿತಲ್ಲಿಯೇ ಒಂದು ಸ್ತುತಿಗೀತೆ ಎತ್ತಿದರು.

ನಮ್ಮವರ ಕಿವಿಗೆ ಸ್ತುತಿಗೀತೆಯ ಮೊದಲ ಸಾಲು ಬಿದ್ದರೆ ಬಾಯಿ ತಾನಾಗಿ ತೆರೆಯುತ್ತದೆ. ಗಂಡಸರ ದಪ್ಪ ದನಿ ಇತ್ತಲಿಂದ ಎದ್ದಿತು, ಹೆಂಗಸರ ದನಿ ಅತ್ತಲಿಂದ ಬಂದು ಅದರ ಮೇಲೆ ಕೂತಿತು. ಏಳುತ್ತಿದ್ದವಳು ಕೂತಳು. ಸ್ತುತಿಗೀತೆಯ ನಡುವೆ ಎದ್ದು ಹೋಗುವುದುಂಟೇ. ಮೇಲಿನ ಕೆಳಗಿನ ನಾಲ್ಕು ಮಟ್ಟದ ದನಿ ಕೂಡಿಸಿ ಸೂರಿನ ತಗಡು ನಡುಗುವಂತೆ ಹಾಡಿದರು. ಪರದೆಯ ಮೇಲೆ ಆ ಹುಡುಗಿಯ ತಲೆ ಭುಜದ ಮೇಲೆ ಹಾಗೆಯೇ ಇತ್ತು. ನೋಡುವ ಧೈರ್ಯ ಯಾರಿಗೂ ಇರಲಿಲ್ಲ ನಿಜ, ಆದರೆ ಅಷ್ಟು ಚೆಂದದ ಹಾಡು ಯಾವ ಪ್ರೇಮಿಗಳಿಗೂ ಸಿಕ್ಕಿರಲಾರದು.

ಲೂಪೆ ಹಾಡುತ್ತಲೇ ಒಂದು ಗುಂಡಿ ಒತ್ತಿದಳು. ಚಿತ್ರ ಹಿಂದಕ್ಕೆ ಓಡಿತು. ಮತ್ತೆ ಮಳೆ ಬಂತು, ಮತ್ತೆ ಹುಡುಗಿ ಬಂದಳು, ಮತ್ತೆ ತಲೆ ಇಟ್ಟಳು, ಮತ್ತೆ ನಿಂತಿತು. ಪಾದ್ರಿಗಳು ಎರಡನೆಯ ಚರಣ ಎತ್ತಿದರು. ಇನ್ನೊಂದು ಗುಂಡಿ. ಮತ್ತೆ ಮಳೆ, ಮತ್ತೆ ತಲೆ. ಮೂರನೆಯ ಚರಣ. ಗೀತೆಗೆ ಇದ್ದದ್ದೇ ಮೂರು ಚರಣ.

ಹಾಡು ಮುಗಿದ ಮೌನದಲ್ಲಿ ಆಚೆ ಕಡೆಯಿಂದ ಫಿಫಿತಾ ಅತ್ತೆಯ ದನಿ ಕೇಳಿಸಿತು. ಅತ್ತೆಯ ಅಣ್ಣತಮ್ಮಂದಿರೆಲ್ಲ ದೇವರ ಪಾದ ಸೇರಿದ್ದರು. ಇಡೀ ಸಭಾಂಗಣದಲ್ಲಿ ತಲೆಯೆತ್ತಿ ಪರದೆ ನೋಡುವ ಸ್ವಾತಂತ್ರ್ಯ ಇದ್ದದ್ದು ಅವರೊಬ್ಬರಿಗೆ. ಅವರು ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದರು.

"ಇದು ಫೊಲಾವು ಕೈ ಅಲ್ಲ," ಎಂದರು ಅತ್ತೆ.

ಅತ್ತೆಯ ಕೋಲಿನ ತುದಿ ಆಚೆಯಿಂದ ಪರದೆಯನ್ನು ಒತ್ತಿತು.

"ಮೊಣಕೈ ಮೇಲೆ ಸುಟ್ಟ ಕಲೆ ನೋಡಿ. ಇದು ಬೇಕರಿ ವಿಕಾ ಕೈ. ಒಲೆ ತಾಗಿ ಸುಟ್ಕೊಂಡಾಗ ಎಣ್ಣೆ ಹಚ್ಚಿದ್ದು ನಾನೇ. ಏನೇ ವಿಕಾ, ನಿಂದೇ ಅಲ್ವಾ ಅದು?"

ಆಚೆ ಕಡೆ ಒಂದು ಬೆಂಚು ಕಿರುಗುಟ್ಟಿತು. "ಹೌದತ್ತೆ," ಎಂದಿತು ವಿಕಾಳ ದನಿ. "ಶರ್ಟು ಮಾತ್ರ ಫೊಲಾವುದು. ಭುಜ ನಂದೇ. ಮೆಲೆನೈಟೆ ಅವತ್ತು ಹಾಗೇ ನಿದ್ದೆ ಮಾಡ್ಬಿಟ್ಟಿದ್ಲು."

ಎರಡೂ ಕಡೆಯವರು ಒಟ್ಟಿಗೆ ತಲೆ ಎತ್ತಿ ಪರದೆ ನೋಡಿದರು, ಒಟ್ಟಿಗೆ ನಕ್ಕರು. ಹುಡುಗಿ ತಲೆ ಇಟ್ಟದ್ದು ಗೆಳತಿಯ ಭುಜದ ಮೇಲೆ. ಅದನ್ನು ಯಾವ ಅಣ್ಣನೂ ಯಾವ ತಂಗಿಯೂ ನೋಡಬಹುದು, ಪಾದ್ರಿಗಳೂ ನೋಡಬಹುದು. ಗುಟ್ಟು ಬಿಟ್ಟರೆ ಕತೆಯ ಪ್ರೀತಿಯೇ ಹೋದೀತೆಂದು ಲಿಸಿಯಾಟೆ ಅದನ್ನು ಅತ್ತೆಗೂ ಹೇಳಿರಲಿಲ್ಲ. ಹಂದಿಯ ಯಜಮಾನ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಆ ಗಲಾಟೆಯಲ್ಲಿ ಲೂಪೆ ಉದ್ದನೆಯ ಗುಂಡಿಯನ್ನು ಒತ್ತಿ ಒತ್ತಿ ನೋಡಿದಳು, ಸಿನಿಮಾ ಮುಂದಕ್ಕೆ ಓಡಿತು. ಇಷ್ಟು ನಕ್ಕ ಮೇಲೂ ಕೊನೆಯಲ್ಲಿ ದೋಣಿ ದಿಗಂತದಲ್ಲಿ ಮರೆಯಾದಾಗ ಅದೇ ಜನ ಅತ್ತರು. ಭುಜ ಯಾರದೆಂದು ಗೊತ್ತಿದ್ದೂ ಅಳಿಸಿದನಲ್ಲ, ಅದು ಲಿಸಿಯಾಟೆಯ ಕಸುಬು.

ಚಾಪೆಗಳನ್ನು ಸರಿಸಿ ಬೆಳಕು ಬಿಟ್ಟರು. ಕಲ್ಲಂಗಡಿ ಹೋಳುಗಳು ಬಂದವು. ಹಿರಿಯರು ಲಿಸಿಯಾಟೆಯ ಬೆನ್ನು ತಟ್ಟಿದರು. ಪಾದ್ರಿಗಳು ಎದ್ದು ನಿಂತು, ಪ್ರತಿ ತಿಂಗಳ ಮೊದಲ ಶನಿವಾರ ಸಭಾಂಗಣ ಸಿನಿಮಾ ಸಂಘಕ್ಕೆ ಎಂದು ಸಾರಿದರು. ಲಿಸಿಯಾಟೆಯ ಕಣ್ಣು ತುಂಬಿತು.

"ಎಲ್ಲಾ ಸರಿ," ಎಂದರು ಅತ್ತೆ, ಹೊದಿಕೆ ಮಡಿಸುತ್ತಾ. "ಇದು ಮಾತ್ರ ಇನ್ಮೇಲೆ ನನ್ನ ಮಂಚ ಬಿಟ್ಟು ಬರಲ್ಲ. ಮುಂದಿನ ತಿಂಗಳಿಂದ ಏನ್ಮಾಡ್ತೀರಿ? ಆಕ್ಲೆಂಡಿಂದ ಬರೋ ಸಿನಿಮಾದಲ್ಲಿ ಭುಜ ನಿಜವಾದ ಭುಜ ಇರತ್ತೆ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಗೆದ್ದ ಉತ್ಸಾಹದಲ್ಲಿದ್ದ ಲಿಸಿಯಾಟೆ ಎದ್ದು ನಿಂತ. ಅಂದು ಅವನ ನಾಲಿಗೆಗೆ ದೇವರೇ ಮಾತು ಕೊಟ್ಟಂತಿತ್ತು.

"ಒಂದು ಮಾತು ಹೇಳ್ತೀನಿ. ಅಜ್ಜನ ತಮ್ಮನ ಮೊಮ್ಮಕ್ಕಳು ಅಂತ ಲೆಕ್ಕ ಹಾಕ್ತಾ ಹೋದ್ರೆ ನಾವು ಯಾರೂ ಯಾರ ಜೊತೆಗೂ ಕೂರೋ ಹಾಗಿಲ್ಲ. ದೂರದವರನ್ನ ಬಿಟ್ಬಿಡೋಣ, ಅವರು ತಲೆ ತಗ್ಗಿಸಿಕೊಳ್ಳಲಿ. ಆದ್ರೆ ಒಂದೇ ತಾಯಿ ಮಕ್ಕಳು ಮಾತ್ರ ಒಟ್ಟಿಗೆ ಬೇಡ. ಒಂದು ಮನೆಯಿಂದ ಒಂದು ತಿಂಗಳು ಅಕ್ಕತಂಗಿಯರು ಬರಲಿ, ಮುಂದಿನ ತಿಂಗಳು ಅಣ್ಣತಮ್ಮಂದಿರು ಬರಲಿ. ಒಡಹುಟ್ಟಿದವಳು ಒಳಗಿದ್ರೆ ಒಡಹುಟ್ಟಿದೋನು ಹೊರಗೆ. ಯಾರೇ ಆಗಲಿ, ಎಷ್ಟು ದೊಡ್ಡೋರೇ ಆಗಲಿ, ಇದೇ ನಿಯಮ."

ಹಿರಿಯರು ತಲೆದೂಗಿದರು. ಇಷ್ಟು ಸುಲಭದ್ದು ತಮಗೆ ಹೊಳೆಯಲಿಲ್ಲವಲ್ಲ ಎಂದು ಪಾದ್ರಿ ಬೆರಗಾದರು. ಅತ್ತೆ ಕೂಡ, "ನಿಮ್ಮಪ್ಪನ ಬುದ್ಧಿ ಈಗ ಬಂತು ನೋಡು ನಿಂಗೆ," ಎಂದರು. ಪಾದ್ರಿಗಳು ಎಲ್ಲರನ್ನೂ ನಿಲ್ಲಿಸಿ ಆ ನಿಯಮದ ಮೇಲೆ ಉದ್ದವಾಗಿ ಪ್ರಾರ್ಥನೆ ಮಾಡಿದರು. ಪ್ರಾರ್ಥನೆಯಾದ ನಿಯಮ ನಮ್ಮಲ್ಲಿ ಹೂಳಿದ ಕಂಬವಿದ್ದಂತೆ, ಕೀಳುವವರಿಲ್ಲ.

"ಇನ್ನು ಸಂಘಕ್ಕೊಬ್ಬರು ಮುಖ್ಯಸ್ಥರು ಬೇಕು," ಎಂದರು ಪಾದ್ರಿ. ಅವರ ಕಣ್ಣು ಲಿಸಿಯಾಟೆಯ ಕಡೆ ಹೊರಳಿತು. ಲಿಸಿಯಾಟೆ ವಿನಯದಿಂದ ನೆಲ ನೋಡಿದ.

"ಲೂಪೆ," ಎಂದರು ಅತ್ತೆ. "ಅಂಥಾ ಹೊತ್ತಲ್ಲೂ ಕೈ ನಡುಗಲಿಲ್ಲ ಅವಳಿಗೆ. ಮಿಷನ್ ಅವಳ ಮಾತು ಕೇಳತ್ತೆ. ತಮ್ಮ ಎಷ್ಟು ಜಾಣನಾದ್ರೂ ಅಕ್ಕ ಇರೋವಾಗ ಅಕ್ಕನೇ ಮುಂದೆ. ಪ್ರತಿ ತಿಂಗಳು ಮಿಷನ್ ಅವಳೇ ನಡೆಸಲಿ, ಹತ್ತು ಕೈ ಬಿದ್ರೆ ಅದೂ ಕೆಡತ್ತೆ."

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಲೂಪೆ ಬೇಡವೆಂದಳು, ಒಪ್ಪಿದಳು, ಇದೆಲ್ಲ ತಮ್ಮನ ಕಷ್ಟದ ಫಲ ಎಂದು ನಾಲ್ಕು ಮಾತಾಡಿದಳು. ಲಿಸಿಯಾಟೆಗೆ ಒಂದು ಕ್ಷಣ ಪಿಚ್ಚೆನಿಸಿದರೂ ಅಕ್ಕನ ಮೇಲಿನ ಹೆಮ್ಮೆ ದೊಡ್ಡದಾಗಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮುಖ್ಯಸ್ಥನಾಗದಿದ್ದರೇನು, ಕೊನೆಯ ಸಾಲು ಇದೆಯಲ್ಲ.

ಕೆಪು ಅವನ ಕಿವಿಯ ಹತ್ತಿರ ಬಾಗಿದ. "ಲೋ, ನಿಮ್ಮಕ್ಕ ಪ್ರತಿ ತಿಂಗಳು ಒಳಗಿರ್ತಾಳೆ."

"ಇರ್ಲಿ ಬಿಡೋ, ಒಳ್ಳೇದೇ ಅಲ್ವಾ."

"ಒಡಹುಟ್ಟಿದವಳು ಒಳಗಿದ್ರೆ?"

ಲಿಸಿಯಾಟೆಯ ಚಪ್ಪಾಳೆ ನಿಂತಿತು. ಕೈಗಳು ಮಾತ್ರ ಒಂದರ ಎದುರಿಗೊಂದು ಹಾಗೇ ಉಳಿದವು.

"ಪಾದ್ರಿಗಳೇ," ಎಂದ, "ಆ ನಿಯಮದಲ್ಲಿ ಒಂದು ಸಣ್ಣ..."

"ಎಂಥಾ ಚೆಂದದ ನಿಯಮ ಮಾಡಿದೆ ಕಣಪ್ಪ," ಎಂದು ಪಾದ್ರಿ ಅವನ ಎರಡೂ ಕೈ ಹಿಡಿದುಕೊಂಡರು. "ಎಷ್ಟು ದೊಡ್ಡೋರೇ ಆಗಲಿ ಅಂದೆಯಲ್ಲ, ಆ ಮಾತು ನಂಗೆ ತುಂಬಾ ಹಿಡಿಸ್ತು. ನಾಳೆ ಉಪದೇಶದಲ್ಲಿ ಅದನ್ನೇ ಹೇಳ್ತೀನಿ."

ಅಕ್ಕನನ್ನು ಮುಖ್ಯಸ್ಥೆಯ ಕುರ್ಚಿಯಿಂದ ಏಳೆಂದು ಹೇಳಬಹುದಿತ್ತು. ಅದಕ್ಕಿಂತ ಅವಳ ಮುಂದೆ ಆ ತಲೆಯಿಡುವ ಜಾಗವನ್ನು ಬಿಡಿಸಿ ವಿವರಿಸುವುದೇ ಸುಲಭ. ಲಿಸಿಯಾಟೆ ಒಂದು ಕಲ್ಲಂಗಡಿ ಹೋಳು ತೆಗೆದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತ. ಒಳಗೆ ಊರಿನ ಗಂಡಸರು ಹೆಂಗಸರು ಮುಂದಿನ ತಿಂಗಳು ತಮ್ಮ ತಮ್ಮ ಮನೆಯಿಂದ ಮೊದಲು ಯಾರು ಬರಬೇಕೆಂದು ಆಗಲೇ ಜಗಳ ಶುರುಮಾಡಿದ್ದರು. ಅವನು ಆಸೆಪಟ್ಟ ಸಂಘ ಅದೇ. ಅವನಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಹುಟ್ಟಿತ್ತು.

ಸ್ವಲ್ಪ ಹೊತ್ತಿಗೆ ಲೂಪೆ ಹೊರಗೆ ಬಂದು ಅವನ ಪಕ್ಕ ನಿಂತಳು. ಅವಳಿಗೂ ಅಷ್ಟರಲ್ಲಿ ಹೊಳೆದಿತ್ತು. ತಮ್ಮನ ಹೆಗಲ ಮೇಲಿದ್ದ ಕಲ್ಲಂಗಡಿ ಬೀಜವೊಂದನ್ನು ತೆಗೆದು ಹಾಕಿದಳು.

"ಮುಂದಿನ ತಿಂಗಳು ಯಾವ ಸಿನಿಮಾ ತರಿಸ್ಲಿ? ನೀನೇ ಹೇಳು ತಮ್ಮ, ನಂಗೇನು ಗೊತ್ತು."

ಲಿಸಿಯಾಟೆ ಯೋಚಿಸಿ ಒಂದು ಹೆಸರು ಹೇಳಿದ. "ತುಂಬಾ ಚೆನ್ನಾಗಿದೆಯಂತೆ ಅಕ್ಕ. ನಾನು ನೋಡಿಲ್ಲ."

"ಯೋಚನೆ ಮಾಡ್ಬೇಡ. ನೋಡ್ಕೊಂಡು ಬಂದು ಪೂರ್ತಿ ಕತೆ ಹೇಳ್ತೀನಿ."

"ಪೂರ್ತಿ?"

ಲೂಪೆ ಕಡಲಿನ ಕಡೆ ನೋಡಿದಳು.

"ತಮ್ಮನಿಗೆ ಹೇಳಬಹುದಾದಷ್ಟು," ಎಂದಳು.